ಕೌನ್ಸೆಲಿಂಗ್ ಕೋಣೆಯೊಳಗೆ ನಿಜವಾಗಿ ಏನು ನಡೆಯುತ್ತೆ?

ಪಿಯುಸಿ ಓದುವ ಮಗನನ್ನೋ ಮಗಳನ್ನೋ ಕೌನ್ಸೆಲರ್ ಹತ್ತಿರ ಕರೆದುಕೊಂಡು ಬರುವ ಅಪ್ಪ ಅಮ್ಮ, ಕುರ್ಚಿ ಎಳೆದುಕೊಳ್ಳುವ ಮೊದಲೇ ಹೇಳುವ ಮಾತೊಂದಿದೆ: "ಸ್ವಲ್ಪ ಬುದ್ಧಿ ಹೇಳಿ ಮೇಡಂ." ಮಾರ್ಕ್ಸ್ ಇಳಿದಿದೆ, ಮಾತು ಬಿಟ್ಟಿದ್ದಾನೆ, ಹಾಸ್ಟೆಲ್‌ಗೆ ವಾಪಸ್ ಹೋಗಲ್ಲ ಅಂತ ಹಟ ಹಿಡಿದಿದ್ದಾನೆ. ಓದಿದವರು ಯಾರಾದರೂ ಕೂರಿಸಿಕೊಂಡು ನಾಲ್ಕು ಮಾತು ಹೇಳಿದರೆ ದಾರಿಗೆ ಬಂದಾನು ಅನ್ನುವುದು ಅವರ ಲೆಕ್ಕ. ಮಗನ ಲೆಕ್ಕವೂ ಅದೇ. ಅದಕ್ಕೇ ಅವನು ಮುಖ ಆ ಕಡೆ ತಿರುಗಿಸಿ ಕೂತಿರುತ್ತಾನೆ. ಬುದ್ಧಿ ಹೇಳುವವರು ಮನೆಯಲ್ಲೇ ಐದು ಜನ ಇದ್ದಾರೆ, ಇವರು ಆರನೆಯವರು ಅಷ್ಟೇ.

ಕೌನ್ಸೆಲಿಂಗ್ ಅಥವಾ ಆಪ್ತಸಮಾಲೋಚನೆ ಆ ಕೆಲಸವಲ್ಲ. ಅದಕ್ಕೊಂದು ಕ್ರಮ ಇದೆ, ಕೆಲವು ನಿಯಮ ಇವೆ, ಕಲಿತು ಮಾಡಬೇಕಾದ ಕಸುಬು ಅದು. ಒಳಗೆ ಏನು ನಡೆಯುತ್ತೆ ಅಂತ ಗೊತ್ತಿಲ್ಲದ್ದಕ್ಕೇ ಎಷ್ಟೋ ಮಕ್ಕಳು ಆ ಬಾಗಿಲ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಒಬ್ಬ ಹುಡುಗನನ್ನು ಊಹಿಸಿಕೊಂಡು ಅವನ ಜೊತೆ ಒಳಗೆ ಹೋಗಿ ಬರೋಣ.

ಹುಡುಗ ರಾಯಚೂರು ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಊರಿಗೇ ಮೊದಲು. ಅಪ್ಪ ಸಾಲ ಮಾಡಿ ದೂರದ ಜಿಲ್ಲೆಯ ಒಂದು ರೆಸಿಡೆನ್ಷಿಯಲ್ ಪಿಯು ಕಾಲೇಜಿಗೆ ಸೇರಿಸಿದ್ದಾರೆ. ಸೈನ್ಸ್, ಜೊತೆಗೆ ನೀಟ್ ಕೋಚಿಂಗ್. ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಅಂತ ಓದಿ ಬಂದವನಿಗೆ ಇಲ್ಲಿ ಆಕ್ಸಲರೇಷನ್, ಫೋಟೋಸಿಂಥೆಸಿಸ್. ಅವನು ಪಾಠ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಲೆಕ್ಚರರ್ ಮುಂದಿನ ಬೋರ್ಡಿಗೆ ಹೋಗಿರುತ್ತಾರೆ. ಪ್ರತಿ ವಾರ ಟೆಸ್ಟ್. ಮಾರ್ಕ್ಸ್ ನೋಟಿಸ್ ಬೋರ್ಡಿನ ಮೇಲೆ. ಮಾರ್ಕ್ಸ್ ನೋಡಿ ಸೆಕ್ಷನ್ ಬದಲು. ದಸರೆ ರಜೆಯ ಹೊತ್ತಿಗೆ ಅವನು ಎ ಸೆಕ್ಷನ್‌ನಿಂದ ಸಿ ಸೆಕ್ಷನ್‌ಗೆ ಬಂದಿದ್ದಾನೆ.

ಒಂದು ಟೆಸ್ಟಿನ ಬೆಳಗ್ಗೆ ಹೊಟ್ಟೆ ಹಿಂಡಿದಂತಾಗುತ್ತದೆ, ಕೈ ಬೆವರುತ್ತದೆ. ವಾರ್ಡನ್ ಸಿಕ್ ರೂಮಿನಲ್ಲಿ ಮಲಗಿಸುತ್ತಾರೆ. ಟೆಸ್ಟ್ ತಪ್ಪುತ್ತದೆ. ಹತ್ತು ಗಂಟೆಗೆಲ್ಲ ಹೊಟ್ಟೆನೋವು ಮಾಯ. ಎಲ್ಲರಿಗೂ ಅನುಮಾನ: ನಾಟಕ ಇರಬಹುದಾ?

ನಾಟಕ ಅಲ್ಲ. ಅಪಾಯ ಬಂತು ಅಂತ ಮೆದುಳಿಗೆ ಅನ್ನಿಸಿದರೆ ಸಾಕು, ದೇಹ ಅಡ್ರಿನಲಿನ್ ಸುರಿಸುತ್ತದೆ. ಎದೆ ಬಡಿತ ಏರುತ್ತದೆ, ರಕ್ತ ಕೈಕಾಲಿನ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಓಡಿ ತಪ್ಪಿಸಿಕೊಳ್ಳಲು ಇದು ಒಳ್ಳೆಯ ಏರ್ಪಾಡು. ಕೂತು ಫಿಸಿಕ್ಸ್ ಪ್ರಶ್ನೆ ಬಿಡಿಸಲು ಅಲ್ಲ. ಅಪಾಯ ನಿಜವಾದ್ದಾ, ಕಾಗದದ ಮೇಲಿನದ್ದಾ ಅಂತ ದೇಹ ವಿಚಾರಿಸುವುದಿಲ್ಲ. ಲೆಕ್ಕ ಬಿಡಿಸುವಾಗ ತಲೆಯಲ್ಲಿ ನಾಲ್ಕೈದು ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಳ್ಳಬೇಕಲ್ಲ, ಆ ಜಾಗವನ್ನೆಲ್ಲ ಭಯವೇ ತುಂಬಿಕೊಳ್ಳುತ್ತದೆ. ರಾತ್ರಿ ಬಾಯಿಪಾಠ ಬಂದಿದ್ದು ಹಾಲ್‌ನಲ್ಲಿ ಮರೆತುಹೋಗುವುದು ಹೀಗೆ. ಸ್ವಲ್ಪ ಟೆನ್ಷನ್ ಇದ್ದರೆ ಕೆಲಸ ಚುರುಕಾಗುತ್ತದೆ, ಮಿತಿ ಮೀರಿದರೆ ಕೆಡುತ್ತದೆ ಅನ್ನುವುದನ್ನು ಯರ್ಕ್ಸ್ ಮತ್ತು ಡಾಡ್‌ಸನ್ ಅನ್ನುವ ಇಬ್ಬರು ಸಂಶೋಧಕರು 1908ರಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿ ಬರೆದಿದ್ದರು.

ನಿಜವಾದ ತೊಡಕು ಶುರುವಾಗುವುದು ಸಿಕ್ ರೂಮಿನಲ್ಲಿ. ಟೆಸ್ಟ್ ತಪ್ಪಿದ ಕೂಡಲೇ ಅವನಿಗೆ ಹಾಯೆನ್ನಿಸಿತು. ಮೆದುಳು ಇದನ್ನು ಪಾಠದ ಹಾಗೆ ಕಲಿಯಿತು: ತಪ್ಪಿಸಿಕೊಂಡರೆ ಆರಾಮ. ಮುಂದಿನ ವಾರ ಭಯ ಇನ್ನೂ ಬೇಗ ಬರುತ್ತದೆ, ಇನ್ನೂ ಜೋರಾಗಿ ಬರುತ್ತದೆ. ಟೆಸ್ಟ್ ತಪ್ಪಿದ್ದರಿಂದ ಪೋರ್ಷನ್ ಉಳಿದಿದೆ, ಹಾಗಾಗಿ ಹೆದರಲು ಈಗ ಕಾರಣವೂ ಜಾಸ್ತಿ. ಆಮೇಲೆ ಕ್ಲಾಸ್ ತಪ್ಪುತ್ತದೆ, ಊಟದ ಹಾಲ್ ತಪ್ಪುತ್ತದೆ, ಮನೆಯ ಫೋನ್ ತಪ್ಪುತ್ತದೆ. ಹೊರಗಿನವರಿಗೆ ಕಾಣುವುದು ಸೋಮಾರಿತನ ಮಾತ್ರ.

ಮೊದಲ ದಿನ

ಈಗ ಅವನು ಕೌನ್ಸೆಲರ್ ಎದುರು ಕೂತಿದ್ದಾನೆ. ಒಂದು ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಕಸುಬು ಗೊತ್ತಿರುವ ಕೌನ್ಸೆಲರ್ ಮೊದಲು ಮಾತಾಡುವುದು ಮಾರ್ಕ್ಸ್ ಬಗ್ಗೆ ಅಲ್ಲ, ಗುಟ್ಟಿನ ಬಗ್ಗೆ. "ನೀನು ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ಪ್ರಿನ್ಸಿಪಾಲರಿಗೂ ಹೇಳಲ್ಲ, ಅಪ್ಪನಿಗೂ ಹೇಳಲ್ಲ. ಮೂರು ಸಂದರ್ಭ ಬಿಟ್ಟು." ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ, ನಿನ್ನಿಂದ ಬೇರೆಯವರ ಜೀವಕ್ಕೆ ಅಪಾಯ ಅನ್ನಿಸಿದರೆ, ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದು ಗೊತ್ತಾದರೆ. ಮೂರನೆಯದು ಕೌನ್ಸೆಲರ್ ಇಷ್ಟಕ್ಕೆ ಬಿಟ್ಟಿದ್ದಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು.

ಈ ಮಾತನ್ನು ಮೊದಲೇ ಹೇಳುವುದು ಯಾಕೆ ಅಂದರೆ, ಯಾವುದನ್ನು ಹೇಳಿದರೆ ಏನಾಗುತ್ತದೆ ಅಂತ ಗೊತ್ತಿದ್ದರೆ ಮಾತ್ರ ಮಕ್ಕಳು ಬಾಯಿ ಬಿಡುತ್ತಾರೆ. "ಮೇಡಂ, ಅವನು ಏನಂದ?" ಅಂತ ಅಪ್ಪ ಹೊರಗೆ ಕೇಳೇ ಕೇಳುತ್ತಾರೆ. ಫೀಸ್ ಕಟ್ಟಿದವರಿಗೆ ತಿಳಿಯುವ ಹಕ್ಕಿಲ್ಲವಾ ಅಂತ ಅನ್ನಿಸುವುದು ಸಹಜ. ಒಳ್ಳೆಯ ಕೌನ್ಸೆಲರ್ ಹುಡುಗನನ್ನೇ ಕೇಳುತ್ತಾರೆ: "ಅಪ್ಪನಿಗೆ ಏನು ಹೇಳಲಿ? ನೀನೇ ಹೇಳ್ತೀಯಾ, ನಾನು ಜೊತೆಗೆ ಕೂತಿರಲಾ?" ಮೊದಲ ದಿನವೇ ಮಗ ಹೇಳಿದ್ದನ್ನೆಲ್ಲ ಅಪ್ಪನಿಗೆ ಒಪ್ಪಿಸಿಬಿಟ್ಟರೆ ಎರಡನೇ ದಿನ ಅವನು ಬರುವುದಿಲ್ಲ. ಬಂದರೂ "ಎಲ್ಲಾ ಚೆನ್ನಾಗಿದೆ ಮೇಡಂ" ಅನ್ನುತ್ತಾನೆ.

ಆಮೇಲೆ ಪ್ರಶ್ನೆಗಳು. ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯಾ, ನಿದ್ದೆ ಹತ್ತೋಕೆ ಎಷ್ಟು ಹೊತ್ತು ಬೇಕು? ಊಟ ಸೇರುತ್ತಾ? ರೂಮಲ್ಲಿ ಯಾರ ಜೊತೆ ಮಾತಾಡ್ತೀಯಾ? ಮೊದಲು ಇಷ್ಟ ಇದ್ದು ಈಗ ಬೇಡ ಅನ್ನಿಸಿರೋದು ಏನು? ಯಾವಾಗಿಂದ ಹೀಗೆ? ಇವು ಸುಮ್ನೆ ಕುಶಲ ಪ್ರಶ್ನೆಗಳಲ್ಲ. ಇದು ಪರೀಕ್ಷೆಯ ಭಯವಾ, ಖಿನ್ನತೆಯಾ, ಮನೆಯ ಜಗಳವಾ, ರೂಮಿನಲ್ಲಿ ಯಾರಾದರೂ ಕಾಡುತ್ತಿದ್ದಾರಾ ಅಂತ ಬೇರೆ ಮಾಡಿ ನೋಡುವುದು ಇಲ್ಲೇ. ಹೊಟ್ಟೆನೋವು ದಿನಾ ಬರುತ್ತಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ ಬಾ ಅಂತಲೂ ಕಳಿಸುತ್ತಾರೆ.

ಎರಡನೇ, ಮೂರನೇ ಭೇಟಿಯಲ್ಲಿ ಮಾತು ಹೀಗೆ ಸಾಗಬಹುದು.

"ಟೆಸ್ಟ್ ದಿನ ಎದ್ದ ಕೂಡಲೇ ತಲೆಗೆ ಏನು ಬರುತ್ತೆ?"

"ಇವತ್ತೂ ಹೋಯ್ತು ಅಂತ."

"ಹೋಯ್ತು ಅಂದ್ರೆ?"

"ಡಿ ಸೆಕ್ಷನ್‌ಗೆ ಹಾಕ್ತಾರೆ."

"ಹಾಕಿದ್ರೆ?"

"ನೀಟ್ ಆಗಲ್ಲ. ಅಪ್ಪನ ದುಡ್ಡು ದಂಡ. ಊರಿಗೆ ಹೋದ್ರೆ ಮುಖ ಎತ್ತೋಕಾಗಲ್ಲ."

ಒಂದು ವಾರದ ಟೆಸ್ಟಿನಿಂದ ಊರಲ್ಲಿ ಮರ್ಯಾದೆ ಹೋಗುವವರೆಗೆ ಮನಸ್ಸು ಮೂರೇ ಹೆಜ್ಜೆಯಲ್ಲಿ ತಲುಪಿಬಿಟ್ಟಿದೆ. "ಹಾಗೆಲ್ಲ ಯೋಚನೆ ಮಾಡಬೇಡ, ಪಾಸಿಟಿವ್ ಆಗಿರು" ಅನ್ನುವವರು ನಾವು ನೀವು. ಕೌನ್ಸೆಲರ್ ಹಾಗೆ ಅನ್ನುವುದಿಲ್ಲ. ಒಂದು ಹಾಳೆ ಕೊಟ್ಟು ಗೆರೆ ಎಳೆಸುತ್ತಾರೆ: ಏನಾಯ್ತು, ಆಗ ಮನಸ್ಸು ಏನಂದಿತು, ಅದು ನಿಜ ಅನ್ನೋದಕ್ಕೆ ಏನು ಆಧಾರ, ಅಲ್ಲ ಅನ್ನೋದಕ್ಕೆ ಏನು. ಹಳೆಯ ಟೆಸ್ಟ್ ಪೇಪರ್ ತರಿಸುತ್ತಾರೆ. ತಪ್ಪಾದ ಪ್ರಶ್ನೆಗಳನ್ನು ಒಂದೊಂದಾಗಿ ನೋಡಿದರೆ, ಹೆಚ್ಚಿನವು ಲೆಕ್ಕ ಬಾರದೆ ತಪ್ಪಿದ್ದಲ್ಲ. ಮೂರು ಸಾಲಿನ ಇಂಗ್ಲಿಷ್ ಪ್ರಶ್ನೆ ಏನು ಕೇಳುತ್ತಿದೆ ಅಂತ ಗೊತ್ತಾಗದೆ ತಪ್ಪಿದ್ದು. ಅಲ್ಲಿಯವರೆಗೆ "ನಾನು ದಡ್ಡ" ಅಂದುಕೊಂಡಿದ್ದ ಹುಡುಗನ ಮುಂದೆ ಈಗ ಬೇರೆಯೇ ಸಮಸ್ಯೆ ಇದೆ. ದಡ್ಡತನಕ್ಕೆ ಮದ್ದಿಲ್ಲ. ಇಂಗ್ಲಿಷ್ ಪ್ರಶ್ನೆ ಓದುವುದನ್ನು ಕಲಿಯಬಹುದು.

ಈ ಪದ್ಧತಿಗೆ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಇದಕ್ಕೆ ಅಡಿಪಾಯ ಹಾಕಿದರು. ಯೋಚನೆಯ ಕೆಲಸ ಅರ್ಧ, ಉಳಿದರ್ಧ ಮಾಡಿ ನೋಡುವ ಕೆಲಸ. ತಪ್ಪಿಸಿಕೊಂಡು ಬೆಳೆದ ಭಯವನ್ನು ಎದುರಿಸಿಯೇ ಇಳಿಸಬೇಕು, ಆದರೆ ಒಂದೇ ಏಟಿಗೆ ಅಲ್ಲ. ಈ ವಾರ ಕೌನ್ಸೆಲರ್ ಕೋಣೆಯಲ್ಲೇ ಗಡಿಯಾರ ಇಟ್ಟುಕೊಂಡು ಹತ್ತು ಪ್ರಶ್ನೆ. ಮುಂದಿನ ವಾರ ಹಾಲ್‌ನಲ್ಲಿ ಕೂರುವುದು, ಮಾರ್ಕ್ಸ್ ಎಷ್ಟಾದರೂ ಬರಲಿ. ಎದೆ ಹೊಡೆದುಕೊಂಡರೂ ಎದ್ದು ಹೋಗದೆ ಕೂತಿದ್ದರೆ ಸ್ವಲ್ಪ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ ಅನ್ನುವುದನ್ನು ದೇಹ ತಾನೇ ಕಂಡುಕೊಳ್ಳಬೇಕು. ಅಷ್ಟರ ಮಧ್ಯೆ, ಹುಡುಗನ ಒಪ್ಪಿಗೆ ಪಡೆದು, ಲೆಕ್ಚರರ್ ಜೊತೆ ಒಂದು ಮಾತು: ಪಾರಿಭಾಷಿಕ ಪದಗಳ ಎರಡು ಭಾಷೆಯ ಪಟ್ಟಿ ಸಿಗಬಹುದಾ?

ಇದೆಲ್ಲ ಒಂದೇ ಭೇಟಿಯಲ್ಲಿ ಆಗುವುದಿಲ್ಲ. ವಾರಕ್ಕೊಂದು ಸಲದಂತೆ ಕೆಲವು ವಾರ ಬೇಕು. "ಒಂದು ಸಲ ಕರ್ಕೊಂಡು ಹೋಗಿದ್ವಿ, ಏನೂ ಆಗಲಿಲ್ಲ" ಅನ್ನುವವರು ಇದನ್ನು ಗಮನಿಸಬೇಕು. ಹಾಗೆಯೇ ಒಬ್ಬ ಕೌನ್ಸೆಲರ್ ಹೊಂದಿಕೆಯಾಗದಿದ್ದರೆ ಇನ್ನೊಬ್ಬರನ್ನು ನೋಡುವುದರಲ್ಲಿ ತಪ್ಪೇನಿಲ್ಲ.

ಕೌನ್ಸೆಲಿಂಗ್ ಮಾಡಲಾಗದ್ದು

ಒಂದು ಮಾತನ್ನು ನೇರವಾಗಿಯೇ ಹೇಳಬೇಕು. ಬೆಳಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹನ್ನೊಂದರವರೆಗೆ ಓದಿಸುವ ಹಾಸ್ಟೆಲ್‌ನಲ್ಲಿ ಕೌನ್ಸೆಲರ್ ಇಟ್ಟರೆ ಅವರು ಮಾಡುವುದಾದರೂ ಏನು? ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾತಜ್ಞರು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಓದಿದ್ದು ನೆನಪಿನಲ್ಲಿ ಕೂರುವ ಕೆಲಸದ ದೊಡ್ಡ ಪಾಲು ನಡೆಯುವುದೂ ನಿದ್ದೆಯಲ್ಲೇ. ನಿದ್ದೆ ಕತ್ತರಿಸಿ ಓದಿನ ಗಂಟೆ ಹೆಚ್ಚಿಸುವುದು ದುಬಾರಿ ವ್ಯಾಪಾರ. ಕೆಟ್ಟ ಟೈಮ್‌ಟೇಬಲನ್ನು ಹಾಗೇ ಇಟ್ಟುಕೊಂಡು ಮಗುವನ್ನು ಮಾತ್ರ ರಿಪೇರಿಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಸುಪ್ರೀಂ ಕೋರ್ಟ್ ಕೂಡ ಇದೇ ಧಾಟಿಯಲ್ಲಿ ಮಾತಾಡಿದೆ. 2025ರ ಜುಲೈನಲ್ಲಿ, ಆಂಧ್ರದಲ್ಲಿ ನೀಟ್‌ಗೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ, ಶಾಲೆ, ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್‌ಗಳಿಗೆಲ್ಲ 15 ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಏರ್ಪಾಡು ಮಾಡಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು. ಆದಷ್ಟು ಮಟ್ಟಿಗೆ ಮಾರ್ಕ್ಸ್ ನೋಡಿ ಬ್ಯಾಚ್ ಬೇರೆ ಮಾಡಬಾರದು, ಎಲ್ಲರೆದುರು ಅವಮಾನ ಮಾಡಬಾರದು. ನಮ್ಮ ಹುಡುಗನ ಎ, ಬಿ, ಸಿ ಸೆಕ್ಷನ್ ನೆನಪಾಯ್ತಲ್ವಾ?

ಕರ್ನಾಟಕದಲ್ಲಿ ಪರೀಕ್ಷೆಯ ಕಡೆಯಿಂದ ಒಂದು ಒಳ್ಳೆಯ ಬದಲಾವಣೆ ಆಗಿದೆ. ಎಸ್ಸೆಸ್ಸೆಲ್ಸಿ ಮತ್ತು ಸೆಕೆಂಡ್ ಪಿಯುಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ಪದ್ಧತಿ ಬಂತು. ಒಂದರಲ್ಲಿ ಕಡಿಮೆಯಾದರೆ ಇನ್ನೊಂದರಲ್ಲಿ ಬರೆಯಬಹುದು, ಸಪ್ಲಿಮೆಂಟರಿ ಅನ್ನುವ ಹಣೆಪಟ್ಟಿಯೂ ಹೋಯಿತು. ರಿಸಲ್ಟ್ ದಿನ ಮಕ್ಕಳಿಗೆ ಇದನ್ನು ನೆನಪಿಸುವವರು ಮನೆಯಲ್ಲಿ ಒಬ್ಬರಿರಬೇಕು.

ಬರೀ ಟೆನ್ಷನ್ ಅಲ್ಲ ಅನ್ನಿಸಿದಾಗ

ಪರೀಕ್ಷೆ ಮುಗಿದ ಮೇಲೆ ಇಳಿಯುವ ಟೆನ್ಷನ್ ಬೇರೆ. ಎರಡು ವಾರ ಕಳೆದರೂ ಮಂಕು ಇಳಿಯದೆ, ನಿದ್ದೆ ಊಟ ಏರುಪೇರಾಗಿ, ಇಷ್ಟದ ಕೆಲಸವೂ ಬೇಡವಾದರೆ ಖಿನ್ನತೆ ಇರಬಹುದು ಅಂತ ವಿಚಾರಿಸಬೇಕು. ಹದಿಹರೆಯದವರಲ್ಲಿ ಅದು ಅಳುವಿನ ಬದಲು ಸಿಡುಕಾಗಿಯೂ ಕಾಣುತ್ತದೆ. ಬಾಗಿಲು ಬಡಿಯುವ ಮಗಳನ್ನು ಅಹಂಕಾರಿ ಅಂದುಕೊಳ್ಳುವುದು ಸುಲಭ. "ನಿನಗೇನು ಕಡಿಮೆ ಮಾಡಿದ್ದೀವಿ?" ಅನ್ನುವ ಪ್ರಶ್ನೆ ಆಗ ಬಾಯಿಗೆ ಬರುತ್ತದೆ. ಅದಕ್ಕೆ ಅವಳ ಹತ್ತಿರ ಉತ್ತರ ಇಲ್ಲ, ಇರುವುದು ಇನ್ನಷ್ಟು ತಪ್ಪಿತಸ್ಥ ಭಾವನೆ. "ಒಂದು ವಾರದಿಂದ ನೀನು ಸರಿಯಾಗಿ ಊಟ ಮಾಡ್ತಿಲ್ಲ, ನೋಡ್ತಾ ಇದ್ದೀನಿ. ಏನಾಗ್ತಿದೆ ಹೇಳ್ತೀಯಾ ಪುಟ್ಟಿ?" ಅಂತ ಕಂಡಿದ್ದನ್ನಷ್ಟೇ ಹೇಳಿ ಸುಮ್ಮನಾದರೆ ಮಾತು ಹೊರಡುವ ಸಾಧ್ಯತೆ ಹೆಚ್ಚು.

ದೇಶದಲ್ಲಿ 2022ರ ಒಂದೇ ವರ್ಷ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು ಅನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ. ಹಾಗಾಗಿ ಈ ಮಾತು ಬಿಟ್ಟು ಮುಂದೆ ಹೋಗುವಂತಿಲ್ಲ. ಸಾಯುವ ಯೋಚನೆ ಬರ್ತಿದೆಯಾ ಅಂತ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಒಳಗೇ ಇಟ್ಟುಕೊಂಡವರಿಗೆ ಆ ಪ್ರಶ್ನೆಯಿಂದ ಭಾರ ಇಳಿಯುವುದೇ ಜಾಸ್ತಿ. ಹೌದು ಅಂದರೆ ಭಾಷಣ ಬೇಡ, ಆಣೆ ಹಾಕಿಸಿಕೊಳ್ಳುವುದೂ ಬೇಡ. ಒಂಟಿಯಾಗಿ ಬಿಡಬೇಡಿ, ಹಾನಿ ಮಾಡಿಕೊಳ್ಳಬಹುದಾದ ವಸ್ತುಗಳನ್ನು ದೂರ ಇಡಿ, ಅವತ್ತೇ ಮನೋವೈದ್ಯರಿಗೋ ಹತ್ತಿರದ ಆಸ್ಪತ್ರೆಗೋ ತೋರಿಸಿ. ತುರ್ತು ಇದ್ದರೆ 112. ಗೆಳೆಯ ಗೆಳತಿಯರಿಗೂ ಇದೇ ಮಾತು: "ಯಾರಿಗೂ ಹೇಳಬೇಡ" ಅಂತ ಅವನು ಕೇಳಿಕೊಂಡಿದ್ದರೂ ದೊಡ್ಡವರಿಗೆ ಹೇಳಿ.

ಪೊಲೀಸ್ ಕೇಸ್ ಆಗುತ್ತೆ ಅಂತ ಮುಚ್ಚಿಡುವ ಮನೆಗಳಿವೆ. 2018ರ ಮೇನಲ್ಲಿ ಜಾರಿಯಾದ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅನ್ನುತ್ತದೆ. ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈನಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದನ್ನೂ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಹಕ್ಕು ಮಾಡಿದೆ. ಮುಂದೆ ಕೆಲಸಕ್ಕೆ, ಮದುವೆಗೆ ತೊಂದರೆ ಆಗುತ್ತೆ ಅನ್ನುವವರು ಇದನ್ನು ತಿಳಿದಿರಲಿ.

ಯಾರ ಹತ್ತಿರ ಹೋಗಬೇಕು ಅನ್ನುವ ಗೊಂದಲವೂ ಇದೆ. ಮಾತ್ರೆ ಬರೆಯುವವರು ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದ ಸೈಕಿಯಾಟ್ರಿಸ್ಟ್. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಥೆರಪಿ ಮತ್ತು ಮನೋಪರೀಕ್ಷೆ ಮಾಡುತ್ತಾರೆ, ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡವರಲ್ಲಿ ಮನಃಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರೂ ಇದ್ದಾರೆ, ಎರಡು ದಿನದ ಶಿಬಿರ ಮುಗಿಸಿದವರೂ ಇದ್ದಾರೆ. ಏನು ಓದಿದ್ದೀರಿ, ಎಲ್ಲಿ ತರಬೇತಿ ಅಂತ ಕೇಳಲು ಸಂಕೋಚ ಬೇಡ. ಮಾತ್ರೆ ಬೇಕಾಗಿ ಬಂದರೆ ಒಂದು ವಿಷಯ: ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು ಕೆಲವು ವಾರ ಬೇಕು. ನಾಲ್ಕು ದಿನಕ್ಕೆ ಬಿಡಬೇಡಿ, ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂಬೇಡಿ.

ದುಡ್ಡಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಮಟ್ಟಕ್ಕೆ ಮಾನಸಿಕ ಆರೋಗ್ಯ ಸೇವೆ ತಲುಪಿಸಬಹುದು ಅಂತ ದೇಶಕ್ಕೆ ತೋರಿಸಿದ್ದೇ 1980ರ ದಶಕದ ಬಳ್ಳಾರಿ ಪ್ರಯೋಗ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಲ್ಲಿ ಮಾಡಿದ್ದನ್ನು ಮಾದರಿಯಾಗಿಟ್ಟುಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಇದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಅಂತ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಅಷ್ಟು ದೂರವೂ ಆಗದಿದ್ದರೆ 14416. ಟೆಲಿ ಮಾನಸ್ ಅನ್ನುವ ಈ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು, ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ಹಗಲು ರಾತ್ರಿ ನಡೆಯುತ್ತದೆ, ಕರೆ ಉಚಿತ, ಭಾಷೆ ಆರಿಸಿಕೊಂಡರೆ ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ತರಬೇತಿ ಪಡೆದ ಕೌನ್ಸೆಲರ್ ಸಿಗುತ್ತಾರೆ. ವಿಷಯ ಗಂಭೀರ ಅನ್ನಿಸಿದರೆ ತಜ್ಞರಿಗೆ ದಾಟಿಸುತ್ತಾರೆ. ಸಾಯುವಷ್ಟು ಬೇಜಾರಾದ ಮೇಲೆಯೇ ಮಾಡಬೇಕು ಅಂತೇನಿಲ್ಲ, ನಿದ್ದೆ ಬರ್ತಿಲ್ಲ ಅಂತಲೂ ಮಾಡಬಹುದು.

ಆದರೆ ಹಾಸ್ಟೆಲ್‌ನಲ್ಲಿ ಮೊಬೈಲ್ ವಾರ್ಡನ್ ಬೀರುವಿನಲ್ಲಿರುತ್ತದೆ, ಭಾನುವಾರ ಹತ್ತು ನಿಮಿಷ ಕೊಡುತ್ತಾರೆ, ಅದೂ ಪಕ್ಕದಲ್ಲೇ ನಿಂತು. ಗೋಡೆಗೆ 14416 ಬರೆಸಿ ಫೋನ್ ಕಿತ್ತಿಟ್ಟರೆ ಏನು ಬಂತು? ಆದ್ದರಿಂದ ಅಡ್ಮಿಷನ್‌ಗೆ ಹೋದಾಗ ಕಳೆದ ವರ್ಷದ ರ‍್ಯಾಂಕ್ ಪಟ್ಟಿ ನೋಡುವುದರ ಜೊತೆಗೆ ಇದನ್ನೂ ಕೇಳಿ: ಈ ನಂಬರಿಗೆ ಯಾರೂ ಪಕ್ಕದಲ್ಲಿಲ್ಲದೆ ಮಾತಾಡಲು ಮಕ್ಕಳಿಗೆ ಫೋನ್ ಎಲ್ಲಿ ಸಿಗುತ್ತೆ? ಕೌನ್ಸೆಲರ್ ಇದ್ದಾರಾ, ವಾರಕ್ಕೆ ಎಷ್ಟು ದಿನ ಬರುತ್ತಾರೆ? ಅವರೇ ಕೆಮಿಸ್ಟ್ರಿ ಪಾಠವನ್ನೂ ಮಾಡಿ ಇಂಟರ್ನಲ್ ಮಾರ್ಕ್ಸ್ ಹಾಕುತ್ತಾರಾ? ಹಾಗಿದ್ದರೆ ಯಾವ ಮಗುವೂ ಅವರ ಹತ್ತಿರ ಮನಸ್ಸು ಬಿಚ್ಚುವುದಿಲ್ಲ. ಕೋಣೆ ಎಲ್ಲಿದೆ ತೋರಿಸಿ ಅನ್ನಿ. ಪ್ರಿನ್ಸಿಪಾಲರ ಚೇಂಬರ್ ಪಕ್ಕದಲ್ಲಿ ಗಾಜಿನ ಬಾಗಿಲು ಹಾಕಿದ್ದರೆ, ಅದನ್ನು ಬೇರೆ ಕಡೆ ಮಾಡಿಸಿ ಅಂತ ಅಲ್ಲೇ ಹೇಳಿ ಬನ್ನಿ.